ಮಾಲಕರ ಹೆಸರು

ಮಮದಾಪುರದ ಸುವರ್ಣಾಳ ಗಂಡ ಲಗಮಪ್ಪ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ಊರಿನವರು ಮೊದಲ ವಾರ ಅದನ್ನು ಧೈರ್ಯ ಎಂದರು, ಎರಡನೆಯ ವಾರ ಕಲ್ಲೆದೆ ಎಂದರು, ಮೂರನೆಯ ವಾರದಿಂದ ತಮ್ಮ ತಮ್ಮ ಕೆಲಸ ನೋಡಿಕೊಂಡರು. ಅಳುವವರ ಮನೆಗೆ ಬರುವಷ್ಟು ಜನ ಅಳದವರ ಮನೆಗೆ ಬರುವುದಿಲ್ಲ. ಬಂದು ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ, ಪಾಪ.

ಸುವರ್ಣಾಳ ಮಟ್ಟಿಗೆ ಅದು ಧೈರ್ಯವೂ ಅಲ್ಲ, ಕಲ್ಲೆದೆಯೂ ಅಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೇ. ಬೆಳಗ್ಗೆ ಏಳುತ್ತಿದ್ದಳು, ಚಹಾ ಕುಡಿಯುತ್ತಿದ್ದಳು, ಅದು ಸಿಹಿಯೋ ಸಪ್ಪೆಯೋ ಗೊತ್ತಾಗುತ್ತಿರಲಿಲ್ಲ. ಹುಕ್ಕೇರಿಗೆ ಕೊಟ್ಟ ಮಗಳು ಶಿವಾನಿ ದಿನಾ ಫೋನು ಮಾಡಿ, "ಉಂಡಿ ಏನ ಯವ್ವಾ?" ಎನ್ನುತ್ತಿದ್ದಳು. "ಹೂಂ, ಉಂಡೇನಿ" ಎಂದು ಫೋನಿಟ್ಟ ಮೇಲೆ, ಉಂಡೆನೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿರಲಿಲ್ಲ. ಇಪ್ಪತ್ತು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಅವಳ ಬಲಗೈ ಬೆರಳ ತುದಿಗಳಿಗೆ ಸುಡುವುದೇ ತಿಳಿಯದಂತಾಗಿತ್ತು. ಈಗ ಒಳಗೂ ಹಾಗೇ ಆಗಿರಬೇಕು ಎಂದುಕೊಂಡಳು. ಹಾಗೆಂದುಕೊಂಡಾಗಲೂ ಬೇಜಾರಾಗಲಿಲ್ಲ.

ಅವಳ ಮುಂದೆ ಎಂಟು ದಿನಗಳಿಂದ ಒಂದು ಕಾಗದ ಬಿದ್ದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಒಪ್ಪಿಗೆ ಪತ್ರ' ಎಂದಿತ್ತು. ತಂದುಕೊಟ್ಟವನು ಮೈದುನ ಅಪ್ಪಣ್ಣ. ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಸುವರ್ಣಾ ಕಟ್ಟಿ ಬೆಳೆಸಿದ ಖಡಕ್ ರೊಟ್ಟಿಯ ಕಾರಖಾನೆ, ಅದರ ನೋಂದಣಿ, ಮೂಡಲಗಿಯ ಹಾಸ್ಟೆಲ್ಲಿಗೆ ರೊಟ್ಟಿ ಕೊಡುವ ಕರಾರು, ಎಲ್ಲವೂ ಅಪ್ಪಣ್ಣನ ಹೆಸರಿಗೆ ಆಗುವುದಕ್ಕೆ ತನ್ನ ತಕರಾರಿಲ್ಲ ಎಂದು ಅವಳು ಸಹಿ ಮಾಡಬೇಕಿತ್ತು. ಅತ್ತೆ ಕೆಂಚವ್ವ ಆಗಲೇ ಹೆಬ್ಬೆಟ್ಟು ಒತ್ತಿದ್ದಳು. ಸುವರ್ಣಾಳೂ ಮೊದಲ ದಿನವೇ ಸಹಿ ಮಾಡಿಬಿಡುತ್ತಿದ್ದಳು. ಪೆನ್ನು ಸಿಗಲಿಲ್ಲ. ಹುಡುಕಲು ಏಳಬೇಕೆನ್ನಿಸಲಿಲ್ಲ.

ತಾನು ಕಟ್ಟಿದ ಕಾರಖಾನೆ ತನ್ನ ಹೆಸರಿನಲ್ಲಿ ಯಾಕಿರಲಿಲ್ಲ ಎಂದರೆ, ಅದು ಅವಳೇ ಮಾಡಿಕೊಂಡ ಎಡವಟ್ಟು. ಅದನ್ನು ಹೇಳುವ ಮೊದಲು ಅವಳು ಎಲ್ಲಿಯವಳು ಎಂಬುದನ್ನು ಹೇಳಬೇಕು.

ಸುವರ್ಣಾ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ. ಅಪ್ಪ ಮಾಲಿಂಗ ಕುರಿ ಕಾಯುವವನು. ವರ್ಷದಲ್ಲಿ ಆರು ತಿಂಗಳು ಹಿಂಡಿನ ಜೊತೆ ಊರೂರು ತಿರುಗುವ ಸಂಸಾರ. ತಾಯಿ ಯಾರದೋ ಹೊಲದ ಬದುವಿನಲ್ಲಿ ಮೂರು ಕಲ್ಲು ಹೂಡಿ ಹಂಚಿಟ್ಟಳೆಂದರೆ ಅದೇ ಅಡುಗೆಮನೆ. ಬೆಂಕಿ ಗಾಳಿಗೆ ಓಲಾಡುವಾಗಲೂ ರೊಟ್ಟಿ ಸೀಯದಂತೆ ತಿರುವುವುದನ್ನು ಸುವರ್ಣಾ ಅಲ್ಲಿ ಕಲಿತಳು. ಇನ್ನೊಂದನ್ನೂ ಅಲ್ಲೇ ಕಲಿತಳು. ಹಿಂಡಿನಲ್ಲೊಂದು ಕುರಿ ಕಳೆದರೆ ಮಾಲಿಂಗ ಕಾಯುತ್ತಿದ್ದ ಆಳನ್ನು ಬೈಯುತ್ತಿರಲಿಲ್ಲ. "ನನಗ ಜೊಂಪು ಹತ್ತಿತ್ತು" ಎಂದು ತಪ್ಪನ್ನು ತನ್ನ ತಲೆಗೆ ಸುತ್ತಿಕೊಂಡು ಬಡಿಗೆ ಹಿಡಿದು ಹುಡುಕಲು ಹೊರಡುತ್ತಿದ್ದ. ಆಳು ಹಿಂದಿನಿಂದ ಓಡಿ ಬಂದು, ಕುರಿ ಯಾವ ಕಡೆ ಹೋಗಿತ್ತೆಂದು ತಾನಾಗಿಯೇ ಹೇಳುತ್ತಿದ್ದ. ಯಾಕೆ ಹೀಗೆ ಎಂದು ಮಗಳು ಒಮ್ಮೆ ಕೇಳಿದ್ದಳು.

"ಬೈದ್ರ ಮುಂದಿನ ಸಲ ಕುರಿ ಕಳದದ್ದ ಹೇಳಂಗಿಲ್ಲವ್ವ" ಎಂದಿದ್ದ ಮಾಲಿಂಗ. "ಕಳದದ್ದಕ್ಕಿಂತ, ಕಳದದ್ದು ಗೊತ್ತಾಗದ ಇರೋದು ಕೆಟ್ಟದ್ದು."

ಮಮದಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ಅವಳು ಗೋಕಾಕದ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ಲಗಮಪ್ಪ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಒಯ್ಯುತ್ತಿದ್ದ. ಮುಂದೆ ಸೈಕಲ್ಲು ಹೋಗಿ ಮೋಟರ್ ಸೈಕಲ್ಲು ಬಂತು, ಅದೂ ಹೋಗಿ ಮೂರು ಗಾಲಿಯ ಟಂಟಂ ಗಾಡಿ ಬಂತು. ಒಂದು ಒಲೆ ಒಂಬತ್ತಾಯಿತು. ಒಂಬತ್ತು ಒಲೆಗೆ ಒಂಬತ್ತು ಹೆಂಗಸರು. ಎಲ್ಲರಿಗಿಂತ ಹಿರಿಯಳು ಸಾವಿತ್ರವ್ವ, ಕಿರಿಯಳು ವಿಜಯಲಕ್ಷ್ಮಿ. ರೊಟ್ಟಿಯ ಅಂಚು ನೋಡಿ ಇದು ಯಾರ ಕೈಯದು ಎಂದು ಸುವರ್ಣಾ ಹೇಳುತ್ತಿದ್ದಳು. ಸಾವಿತ್ರವ್ವನ ರೊಟ್ಟಿ ಚಂದಪ್ಪನ ಹಾಗೆ ದುಂಡಗೆ, ವಿಜಯಲಕ್ಷ್ಮಿಯದು ಒಂದು ಬದಿ ಸದಾ ದಪ್ಪ. ಆದರೆ ಅಂಗಡಿಯಿಂದ ರೊಟ್ಟಿ ಮುರಿದು ವಾಪಸು ಬಂದಾಗ ಮಾತ್ರ ಅವಳ ಕಣ್ಣಿಗೆ ಅಂಚು ಕಾಣಿಸುತ್ತಿರಲಿಲ್ಲ. "ಹಿಟ್ಟಿಗೆ ಜಿಗಿ ಇದ್ದಿಲ್ಲ ಬಿಡ್ರೆ. ಹಿಟ್ಟು ನಾ ತಂದದ್ದು, ತಪ್ಪು ನಂದು" ಎನ್ನುತ್ತಿದ್ದಳು. ಜಿಗಿ ಎಂದರೆ ಹಿಟ್ಟಿನ ಅಂಟು. ಹಳೆಯ ಜೋಳದಲ್ಲಿ ಅದು ಇರುವುದಿಲ್ಲ, ಬಡಿದರೆ ರೊಟ್ಟಿ ಸೀಳುತ್ತದೆ. ಅವಳು ತಂದ ಹಿಟ್ಟಿನಲ್ಲಿ ಬೇಕಾದಷ್ಟು ಜಿಗಿ ಇರುತ್ತಿತ್ತೆಂದು ಒಂಬತ್ತು ಜನರಿಗೂ ಗೊತ್ತಿತ್ತು. ಮಧ್ಯಾಹ್ನದೊಳಗೆ ತಪ್ಪು ಮಾಡಿದವಳು ತಾನೇ ಬಂದು, ಮಾತಾಡಲು ಬೇರೇನೂ ಇಲ್ಲವೆಂಬಂತೆ ಅವಳ ಪಕ್ಕ ಕುಳಿತು ವಿಷಯ ಹೇಳುತ್ತಿದ್ದಳು.

ಇನ್ನು ಆ ಎಡವಟ್ಟು. ಆರು ವರ್ಷದ ಹಿಂದೆ ಸಣ್ಣ ಉದ್ಯೋಗದವರ ಹೆಸರು ನೋಂದಾಯಿಸುವ ಶಿಬಿರವೊಂದು ಗೋಕಾಕದಲ್ಲಿ ನಡೆಯಿತು. ಸುವರ್ಣಾ ಹೊಸ ಸೀರೆ ಉಟ್ಟುಕೊಂಡು ಹೋದಳು. ಮೇಜಿನ ಹಿಂದೆ ಕುಳಿತಿದ್ದವನು ತಲೆಯೆತ್ತದೆ ಕೇಳಿದ, "ಮಾಲಕರ ಹೆಸರೇನ್ರಿ?"

ಈ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. 'ನಮ್ಮ ಮಾಲಕರು' ಎನ್ನುತ್ತಾರೆ. ಹೆಸರು ಹೇಳಲೇಬೇಕಾಗಿ ಬಂದರೆ, ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಗೆಳತಿಯರು ಕಾಡಿದರೆ, ಒಡಪು ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳುತ್ತಾರೆ. ಸುವರ್ಣಾಳಿಗೆ ಮುಖ ಕೆಂಪಾಯಿತು. ಇಷ್ಟು ಜನರ ನಡುವೆ ಈ ಮನುಷ್ಯ ಮಾಲಕರ ಹೆಸರು ಕೇಳುತ್ತಾನಲ್ಲ! ಸಾಲಿನಲ್ಲಿದ್ದ ಹೆಂಗಸರು, "ಹೇಳವಾ, ಹೇಳು, ಸರಕಾರ ಕೇಳಾಕತ್ತೈತಿ" ಎಂದು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಹೇಳಿಯೇ ಬಿಟ್ಟಳು:

"ಘಟಪ್ರಭಾ ಹೊಳಿಯಾಗ ತೇಲಿ ಬಂತ ಸಂಪಿಗಿ, ಲಗಮಪ್ಪನ ಹೆಸರ ಹೇಳತೇನಿ ಕೂಡಿದವರ ಒಪ್ಪಿಗಿ."

ಸಭೆ ಚಪ್ಪಾಳೆ ತಟ್ಟಿತು. ಮೇಜಿನವನೂ ನಕ್ಕು, ಸಂಪಿಗೆ ಬಿಟ್ಟು ಲಗಮಪ್ಪನನ್ನು ಬರೆದುಕೊಂಡ. ಕಾಗದ ಮನೆಗೆ ಬಂದ ಮೇಲೆ ನೋಡಿದರೆ ಕಾರಖಾನೆಗೆ ಮಾಲಕ ಲಗಮಪ್ಪ. ರೊಟ್ಟಿ ಬಡಿಯುವುದಿರಲಿ, ಹಿಟ್ಟು ನಾದಲೂ ಬಾರದ ಮನುಷ್ಯ! ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದಿನಾ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಮಾಲಕ ಬಂದಾನ, ಒಂದು ಬಿಸಿ ರೊಟ್ಟಿ ಕೊಡ್ರೆವಾ" ಎನ್ನುತ್ತಿದ್ದ. ತಿದ್ದಿಸಬೇಕು, ತಿದ್ದಿಸಬೇಕು ಎಂದುಕೊಳ್ಳುತ್ತ ಆರು ವರ್ಷ ಕಳೆಯಿತು. ಮನೆಯಲ್ಲೇ ನಗು ತರುವ ತಪ್ಪನ್ನು ತಿದ್ದಿಸಲು ಯಾರಿಗೆ ಅವಸರ?

ಮೂಡಲಗಿಗೆ ರೊಟ್ಟಿ ಕೊಟ್ಟು ಬರುವಾಗ ಲಗಮಪ್ಪ ದಾರಿಯಲ್ಲಿ ಚಹಾ ಕುಡಿಯಲು ಗಾಡಿ ನಿಲ್ಲಿಸಿ ಬೆಂಚಿನ ಮೇಲೆ ಕುಳಿತನಂತೆ, ಮತ್ತೆ ಏಳಲಿಲ್ಲ. ಗಾಡಿಯನ್ನು ಯಾರೋ ಮನೆಗೆ ತಂದು ಬಿಟ್ಟರು. ಸುವರ್ಣಾ ಮೊದಲು ನೋಡಿದ್ದು ಗಾಡಿಯೊಳಗಿನ ಖಾಲಿ ಡಬ್ಬಿಗಳನ್ನು. ಎಲ್ಲ ಡಬ್ಬಿಗಳೂ ಇದ್ದವು. ಒಳಗಿಟ್ಟಳು. ಅಂದಿನಿಂದ ಅವಳು ಶೆಡ್ಡಿನ ಮೂಲೆಯಲ್ಲಿ ಗೋಡೆಗೊರಗಿ ಕುಳಿತವಳು ಹಾಗೇ ಕುಳಿತಿದ್ದಳು. ಮೂರನೆಯ ವಾರ ಬಾಜೂ ಮನೆಯಲ್ಲಿ ಕುಬಸವಿತ್ತು. ಹೆಂಗಸರು ಒಬ್ಬೊಬ್ಬರಾಗಿ ಗಂಡಂದಿರ ಹೆಸರು ಹೇಳುವುದೂ, ಉಳಿದವರು ನಗುವುದೂ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಗಂಡ ಸತ್ತವಳನ್ನು ಯಾರೂ ಹೆಸರು ಹೇಳೆಂದು ಕಾಡುವುದಿಲ್ಲ. ತನ್ನ ಪಾಳಿ ಮುಗಿಯಿತು ಎಂದು ಅವಳಿಗೆ ತಿಳಿಯಿತು. ತಿಳಿಯಿತು ಅಷ್ಟೇ, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಅಪ್ಪಣ್ಣ ಕೆಟ್ಟವನೇನಲ್ಲ. ಮಾಡಿದ ಯಾವ ಧಂದೆಯೂ ಕೈಹಿಡಿಯದೆ ಕುಳಿತಿದ್ದವನು. ಈಗ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವುದು ಮನೆತನಕ್ಕೆ ಮಾಡುವ ಉಪಕಾರವೆಂದೇ ಅವನು ನಂಬಿದ್ದ. "ವೈನಿ, ನೀವ ಸುಮ್ನ ಕುಂದ್ರಿ, ನಾ ಎಲ್ಲಾ ಸಂಬಾಳಸತೇನಿ" ಎಂದು ಹೇಳಿ, ಗೋಕಾಕದಲ್ಲಿ ಎರಡು ದಿನದ ತರಬೇತಿಗೂ ಹೋಗಿ ಬಂದ. ಬರುವಾಗ ಒಂದು ಹಾಳೆ ತಂದ. 'ಯಶಸ್ವಿ ಉದ್ಯಮಿಯ ಏಳು ನಾಯಕತ್ವ ಗುಣಗಳು.' ಪ್ಲಾಸ್ಟಿಕ್ ಹಾಕಿಸಿ, ಜರಡಿ ತೂಗುಹಾಕುವ ಮೊಳೆಗೆ ಅದನ್ನು ತೂಗುಹಾಕಿದ. ಜರಡಿ ನೆಲಕ್ಕಿಳಿಯಿತು. ಒಂದು ಕುರ್ಚಿಯೂ ಬಂತು. ಆ ಶೆಡ್ಡಿನಲ್ಲಿ ಕುರ್ಚಿ ಎಂಬುದು ಅದೇ ಮೊದಲು.

ಕುರ್ಚಿಯಲ್ಲಿ ಕುಳಿತು ಅಪ್ಪಣ್ಣ ದಿನಕ್ಕೊಂದು ಗುಣ ಜಾರಿಗೆ ತಂದ. ದೂರದೃಷ್ಟಿಯ ದಿನ, ಇನ್ನೂ ಎರಡು ಹಾಸ್ಟೆಲ್ಲಿಗೆ ರೊಟ್ಟಿ ಒಪ್ಪಿಕೊಂಡು ಬಂದ. ಸಮಯಪಾಲನೆಯ ದಿನ, ರೊಟ್ಟಿ ಒಲೆಯಿಂದಿಳಿದು ಇಷ್ಟೇ ಹೊತ್ತಿಗೆ ಡಬ್ಬಿಗೆ ಹೋಗಬೇಕೆಂದು ಮೊಬೈಲು ಹಿಡಿದು ನಿಂತ. ಹೆಂಗಸರು ಸುವರ್ಣಾಳ ಕಡೆ ನೋಡಿದರು. ಅವಳು ನೆಲದ ಮೇಲಿನ ಜರಡಿಯನ್ನು ನೋಡುತ್ತಿದ್ದಳು. ಬಿಸಿ ಆರದ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಬಾರದೆಂದು ಅವಳಿಗೆ ಗೊತ್ತಿತ್ತು. ಹೇಳಬೇಕೆಂದೂ ಗೊತ್ತಿತ್ತು. ಮಾತು ಗಂಟಲವರೆಗೆ ಬರಲಿಲ್ಲ.

ಇಪ್ಪತ್ತಾರನೆಯ ದಿನ ಬೆಳಗ್ಗೆ ಮೂಡಲಗಿಯ ಹಾಸ್ಟೆಲ್ಲಿನಿಂದ ನಾಲ್ಕು ಡಬ್ಬಿ ವಾಪಸು ಬಂದವು. ಮುಚ್ಚಳ ತೆಗೆದರೆ ಹಸಿರು ಬೂಷ್ಟು. ಇನ್ನೊಮ್ಮೆ ಹೀಗಾದರೆ ಕರಾರು ಮುರಿಯುತ್ತದೆ, ಎಂಟು ದಿನದೊಳಗೆ ಮಾಲಕರೇ ಹೊಸ ನೋಂದಣಿ ಕಾಗದ ತೆಗೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿದ್ದರು. ಆ ಹಾಸ್ಟೆಲ್ಲು ಹೋದರೆ ಒಂಬತ್ತರಲ್ಲಿ ಐದು ಒಲೆ ಆರುತ್ತಿದ್ದವು.

ಅಪ್ಪಣ್ಣ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಹಾಳೆಯ ಕಡೆ ತಿರುಗಿ, "ನಾಲ್ಕನೇ ಗುಣ, ಹೊಣೆಗಾರಿಕೆ ನಿಗದಿ ಮಾಡುವುದು" ಎಂದು ಓದಿದ. "ಇದು ಯಾರ ತಪ್ಪು? ಯಾರು ತುಂಬೀರಿ ಈ ಡಬ್ಬಿ? ಮುಂದ ಬರ್ರಿ."

ಯಾರೂ ಬರಲಿಲ್ಲ. ಸಾವಿತ್ರವ್ವ ಮೇಲೆ ಮಾಡಿನ ಕಡೆ ನೋಡಿದಳು. ವಿಜಯಲಕ್ಷ್ಮಿ ತನ್ನ ಕಾಲಬೆರಳು ನೋಡಿಕೊಂಡಳು.

"ಹೇಳಲಿಲ್ಲಂದ್ರ ಎಲ್ಲಾರ ಇವತ್ತಿನ ಪಗಾರ ಕಟ್!"

ಮೂಲೆಯಲ್ಲಿ ಸುವರ್ಣಾ ಕೈಚಾಚಿ ಹತ್ತಿರದ ಡಬ್ಬಿಯಿಂದ ಒಂದು ರೊಟ್ಟಿ ತೆಗೆದಳು. ಮುರಿದರೆ ಸದ್ದಾಗಬೇಕಾದ ರೊಟ್ಟಿ ಬಟ್ಟೆಯ ಹಾಗೆ ಮಡಚಿತು. ಒಂದು ಬದಿ ದಪ್ಪವಿತ್ತು. ಅದನ್ನು ನೋಡುತ್ತಿದ್ದಂತೆ, ಇಷ್ಟು ದಿನ ಬಾರದ ಮಾತು ಬಾಯಿಯ ರೂಢಿಯಿಂದಲೇ ಹೊರಗೆ ಬಂತು.

"ತಪ್ಪು ನಂದು. ಹಿಟ್ಟು ನಾ ತಂದದ್ದು."

ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಅವಳು ತಿಂಗಳಿನಿಂದ ಹಿಟ್ಟು ಮುಟ್ಟಿರಲಿಲ್ಲ. ಅಪ್ಪಣ್ಣನಿಗೆ ಈ ಮಾತಿನ ಮರ್ಮ ತಿಳಿಯದೆ ಸಿಟ್ಟೇ ಬಂತು. "ಏನ ವೈನಿ! ಹಿಟ್ಟು ನಾ ತಂದೇನಲ್ಲ! ನಂಬರ್ ಒನ್ ಹಿಟ್ಟು!"

"ಹಂಗಾದ್ರ ತಪ್ಪು ಯಾರದಾತೋ ತಮ್ಮಾ?" ಎಂದಳು ಸಾವಿತ್ರವ್ವ. "ಕುಣೀಲಿಕ್ಕೆ ಬರಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ನಿನ್ನ ಕುರ್ಚಿಗಂತೂ ಡೊಂಕಿಲ್ಲಪಾ."

ವಿಜಯಲಕ್ಷ್ಮಿ ಸಾಲು ಬಿಟ್ಟು ಬಂದು ಸುವರ್ಣಾಳ ಪಕ್ಕ ನೆಲದ ಮೇಲೆ ಕುಳಿತಳು. "ನಾ ತುಂಬೇನಿ ಯಕ್ಕಾ. ಬೆಚ್ಚಗಿದ್ವು. ಗೊತ್ತಿತ್ತು. ಮೊಬೈಲ್ ಹಿಡಕೊಂಡು ನಿಂತಿದ್ರು, ಅಂಜಿ ತುಂಬಿದ್ನಿ. ನಿನ್ನೆ ತುಂಬಿದ್ದೂ ಹಂಗ ಅದಾವು, ಅವನ್ನ ಕಳಸಬ್ಯಾಡ್ರಿ."

ಒಳಗೆ ಹದಿನಾಲ್ಕು ಡಬ್ಬಿ ಕಳಿಸಲು ಸಿದ್ಧವಾಗಿದ್ದವು. ಅವು ಹೋಗಿದ್ದರೆ ಕರಾರು ಅಂದೇ ಮುಗಿಯುತ್ತಿತ್ತು. ಸುವರ್ಣಾ ಎದ್ದಳು. ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದು ನಿಂತು, "ಅವನ್ನ ದನಕ್ಕ ಹಾಕ್ರಿ. ಒಲಿ ಹಚ್ಚರಿ. ಇವತ್ತಿನದು ಆರಿದ ಮ್ಯಾಲ ತುಂಬೂದು, ಸಂಜಿ ಆದ್ರೂ ಆಗಲಿ" ಎಂದಳು. ಆಮೇಲೆ ಅಪ್ಪಣ್ಣನನ್ನು ಶೆಡ್ಡಿನ ಹಿಂದಕ್ಕೆ ಕರೆದಳು. ಯಾರನ್ನೂ ನಾಲ್ಕು ಜನರ ಮುಂದೆ ಅನ್ನಬಾರದೆಂಬ ತನ್ನ ರೀತಿಯನ್ನು ಅವಳು ಅವನ ವಿಷಯದಲ್ಲೂ ಬಿಡಲಿಲ್ಲ.

ಬೇವಿನ ಗಿಡದ ಕೆಳಗೆ ನಿಂತು ಆ ಒಪ್ಪಿಗೆ ಪತ್ರವನ್ನು ಮಡಚಿ ಅವನ ಕೈಗಿಟ್ಟಳು. ಸಹಿ ಇರಲಿಲ್ಲ.

"ಅಪ್ಪಣ್ಣ, ನಿಮ್ಮಣ್ಣಗ ಹಿಟ್ಟು ನಾದಾಕ ಬರ್ತಿದ್ದಿಲ್ಲ, ಗಾಡಿ ಹೊಡ್ಯಾಕ ಬರ್ತಿತ್ತು. ನಿನಗೂ ಬರ್ತೈತಿ. ಒಂದು ಅಂಗಡಿ ಬಿಡದ ಎಲ್ಲಾರ ಜೋಡಿ ಮಾತಾಡ್ತಿ, ಹೊಸಾ ಗಿರಾಕಿ ಹಿಡೀತಿ. ಅದು ನನಗ ಬರಂಗಿಲ್ಲ. ಅದನ್ನ ನೀ ಮಾಡು. ಒಲಿ ಕಡೆ ನಾ ನೋಡಕೋತೇನಿ."

"ಜನಾ ಏನಂದಾರ್ರಿ ವೈನಿ? ಹೆಂಗಸಿನ ಕೈಯಾಗ ದುಡಿಯಾಕತ್ತಾನ ಅಂತಾರ."

"ನಿಮ್ಮಣ್ಣನೂ ದುಡದಾನ."

ಇದನ್ನೆಲ್ಲ ಅವಳು ದುಃಖವಿಲ್ಲದೆ, ಸಿಟ್ಟಿಲ್ಲದೆ, ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಅಪ್ಪಣ್ಣ ಜಗಳಕ್ಕೆ ನಿಲ್ಲುತ್ತಿದ್ದ. ಅತ್ತಿದ್ದರೆ ಸಮಾಧಾನ ಮಾಡಿ ಸಹಿ ಮಾಡಿಸಿಕೊಳ್ಳುತ್ತಿದ್ದ. ಎರಡೂ ಇಲ್ಲದ್ದಕ್ಕೆ ಕಾಗದ ಹಿಡಿದುಕೊಂಡು ಅಲ್ಲಿಂದ ನಡೆದ. ಸಂಜೆಯವರೆಗೆ ಮುಖ ಊದಿಸಿಕೊಂಡು ತಿರುಗಿದ. ಕೆಂಚವ್ವ ಮಾತ್ರ ಕಾಗದ ಇಸಿದುಕೊಂಡು ತನ್ನ ಹೆಬ್ಬೆಟ್ಟಿನ ನೀಲಿ ಗುರುತನ್ನು ನೋಡಿ, "ಒಬ್ಬ ಮಗ ಹ್ವಾದ, ಇನ್ನೊಬ್ಬನ ಮಾತು ಹೆಂಗ ಮುರೀಲಿ ಅಂತ ಒತ್ತಿದ್ನಿ ಯವ್ವಾ. ಹರದ ಒಲಿಗಿ ಹಾಕು" ಎಂದಳು. ಒಲೆಗೆ ಹಾಕಿದ್ದು ಸಾವಿತ್ರವ್ವ. ಏಳು ಗುಣಗಳ ಹಾಳೆಯನ್ನು ಒಲೆಗೆ ಹಾಕಲಿಲ್ಲ, ಪ್ಲಾಸ್ಟಿಕ್ ಸುಟ್ಟರೆ ವಾಸನೆ ಬರುತ್ತದೆ. ಅದರಿಂದ ಒಲೆಗೆ ಗಾಳಿ ಬೀಸಿದಳು. ಜರಡಿ ಮೊಳೆಗೆ ಮರಳಿತು.

ಎರಡು ದಿನದ ಮೇಲೆ ಗೋಕಾಕದ ಕಚೇರಿಗೆ ಹೊರಟರು. ಸುವರ್ಣಾ, ಕೆಂಚವ್ವ ಇಬ್ಬರೇ ಸಾಕಿತ್ತು. ಒಂಬತ್ತು ಹೆಂಗಸರೂ ನಸುಕಿನಲ್ಲೇ ಬಡಿಯುವುದನ್ನು ಮುಗಿಸಿ, ರೊಟ್ಟಿ ಆರಲು ಹರವಿ ಬಂದು ಗಾಡಿಯೊಳಗೆ ಕುಳಿತುಬಿಟ್ಟಿದ್ದರು. ಗಾಡಿ ಹೊಡೆದವನು ಅಪ್ಪಣ್ಣ. ಕಚೇರಿಯ ಹತ್ತಿರ ಕೆಂಚವ್ವನನ್ನು ಕೈಹಿಡಿದು ಇಳಿಸಿ, ಅಲ್ಲೇ ಒಂದು ಚಹಾದಂಗಡಿಯವನ ಹತ್ತಿರ ರೊಟ್ಟಿಯ ಮಾತು ತೆಗೆದ.

ಮೇಜಿನ ಹಿಂದೆ ಬೇರೆ ಮನುಷ್ಯನಿದ್ದ. ಓಂಕಾರ ಎಂಬ ಎಳೆಯ ಗುಮಾಸ್ತ. ಪ್ರಶ್ನೆ ಮಾತ್ರ ಅದೇ. ಅವನೂ ತಲೆಯೆತ್ತದೆ ಕೇಳಿದ.

"ಮಾಲಕರ ಹೆಸರೇನ್ರಿ?"

ಬಳೆ ಒಡೆದವಳಿಗೆ ಕೇಳಬಾರದ ಪ್ರಶ್ನೆ ಅದು. ಹಿಂದೆ ನಿಂತ ಹೆಂಗಸರ ನಡುವಿನಿಂದ ಸಾವಿತ್ರವ್ವ ಒಂದು ಹೆಜ್ಜೆ ಮುಂದೆ ಬಂದಳು. ಸುವರ್ಣಾ ಕೈ ಅಡ್ಡ ಹಿಡಿದಳು. ಇಪ್ಪತ್ತೆಂಟು ದಿನಗಳಲ್ಲಿ ಎಲ್ಲರೂ ಅವಳಿಗೆ 'ಉಂಡಿ ಏನ', 'ಮಲಗಿದಿ ಏನ' ಎಂದು ಕೇಳಿದ್ದರು. ಈ ಹೆಸರನ್ನು ಕೇಳಿದವನು ಇವನೊಬ್ಬನೇ. ಬಾಯಲ್ಲಿ ಸಂಪಿಗೆ ಬಂತು, ಹೊಳೆ ಬಂತು. ಎರಡನ್ನೂ ನುಂಗಿದಳು.

"ಯಾವ ಮಾಲಕರ್ರಿ?" ಎಂದಳು. "ಮನಿ ಮಾಲಕರ ಹೆಸರು ಲಗಮಪ್ಪ. ಅವರು ತೀರಕೊಂಡಾರ. ರೊಟ್ಟಿ ಮಾಲಕರ ಹೆಸರು ಸುವರ್ಣಾ."

ಒಡಪಿಲ್ಲದೆ, ನೆಪವಿಲ್ಲದೆ, ಗಂಡನ ಹೆಸರನ್ನು ಬರಿದಾಗಿ ಹೇಳಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. 'ತೀರಕೊಂಡಾರ' ಎಂದದ್ದೂ ಅದೇ ಮೊದಲು. ಓಂಕಾರ ಬರೆಯುತ್ತಿದ್ದ. ಬರೆಯುತ್ತಿದ್ದ ಅರ್ಜಿಯ ಮೇಲೆ ಒಂದು ಹನಿ ಬಿತ್ತು. ಶಾಯಿ ಹರಡಿತು. ಅವನು ತಲೆಯೆತ್ತಿದ. ಎದುರಿಗೆ ನಿಂತ ಹೆಂಗಸು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಚೇರಿಯ ಜನರೆಲ್ಲ ತಿರುಗಿ ನೋಡುವ ಹಾಗೆ, ದನಿ ತೆಗೆದು ಅಳುತ್ತಿದ್ದಳು. ನೋವಾಗುತ್ತಿತ್ತು. ಎಲ್ಲಿ ಎಂದು ಹೇಳಲಾಗದಷ್ಟು ಎಲ್ಲ ಕಡೆ ನೋವಾಗುತ್ತಿತ್ತು.

ಕೆಂಚವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಓಂಕಾರ ತನ್ನ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿ, ತೊಯ್ದ ಅರ್ಜಿಯನ್ನು ಬದಿಗಿಟ್ಟು, ಹೊಸದೊಂದನ್ನು ತೆಗೆದ. ಸ್ವಲ್ಪ ಹೊತ್ತು ಕಾದ. ಅಳು ನಿಲ್ಲುವ ಹಾಗೆ ಕಾಣಲಿಲ್ಲ. ಸಾಲು ಬೆಳೆಯುತ್ತಿತ್ತು. ಕೊನೆಗೆ ಅವಳನ್ನು ಬಿಟ್ಟು ಹಿಂದೆ ನಿಂತವರ ಕಡೆ ನೋಡಿ ಮೆಲ್ಲಗೆ ಕೇಳಿದ.

"ಇನ್ನೊಮ್ಮೆ ಹೇಳ್ರಿ. ಮಾಲಕರ ಹೆಸರು?"

"ಸುವರ್ಣಾ" ಎಂದರು ಒಂಬತ್ತು ಜನ.

ಓಂಕಾರ ಬರೆದುಕೊಂಡ.